ನಿನ್ನೆಯ ನೀರಿನ ಲೆಕ್ಕ

ನಿಮ್ಮ ಊರಿನ ಹವಾಮಾನ ಯಾವುದು ಎಂದು ಒಂದೇ ಪದದಲ್ಲಿ ಉತ್ತರ ಕೇಳುವವರ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ. ಜೂನ್‌ನಲ್ಲಿ ಕೇಳಿದರೆ ಒಂದು ಉತ್ತರ, ಏಪ್ರಿಲ್‌ನಲ್ಲಿ ಕೇಳಿದರೆ ಇನ್ನೊಂದು. ಜೂನ್‌ನಲ್ಲಿ ಗೋವೆಯ ಫಾತೋರ್ಡಾದ ನಮ್ಮ ಮನೆಯ ಗೋಡೆ ಬೆವರುತ್ತದೆ, ಕಪಾಟಿನಲ್ಲಿಟ್ಟ ಬೆಲ್ಟಿಗೂ ಬಿಳಿ ಬೂಷ್ಟು ಹಿಡಿಯುತ್ತದೆ. ಏಪ್ರಿಲ್‌ನಲ್ಲಿ ಅದೇ ಮನೆಯ ನಳ ಬೆಳಗು ಕಳೆಯುತ್ತಲೇ ಕೆಮ್ಮಿ, ಒಂದಿಷ್ಟು ಗಾಳಿ ಉಗುಳಿ ಸುಮ್ಮನಾಗುತ್ತದೆ. ಎರಡನ್ನೂ ಕೂಡಿಸಿ ವರ್ಷದ ಸರಾಸರಿ ತೆಗೆದರೆ ಸಿಗುವ ಊರಿನಲ್ಲಿ ಯಾರೂ ವಾಸವಾಗಿಲ್ಲ.

ಆದರೂ ನಾನು ಆ ಸರಾಸರಿ ತೆಗೆದೆ. ಮಡಗಾಂವದ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುವ ನನಗೆ ಮಾಡಲು ಬೇರೆ ಕೆಲಸ ಇರುವುದಿಲ್ಲ ಎಂದು ಸಕಲರೂ ನಂಬಿದ್ದಾರೆ. ನೀರು ಸರಬರಾಜು ಕಚೇರಿಯ ಇಂಜಿನಿಯರರೂ ನಂಬಿದ್ದರು. ಅವರು ಕಾರವಾರದವರು, ನನಗಿಂತ ಕಿರಿಯರು, ಸದಾ ನಗುಮುಖದವರು. ನಗರದ ಜಲಸಮತೋಲನದ ಅಂದಾಜು, ಅದರ ಮೇಲೆ ಹವಾಮಾನದ ವರ್ಗೀಕರಣ, ಎರಡೂ ಸೇರಿಸಿ ಒಂದು ಚಿಕ್ಕ ವರದಿ ಬೇಕು ಎಂದರು. ಕಾಲೇಜು ನನ್ನನ್ನು ತೋರಿಸಿತು.

ಕೆಲಸ ಕೇಳಲು ದೊಡ್ಡದು, ಮಾಡಲು ಸರಳ. ಆಕಾಶದಿಂದ ಇಷ್ಟು ನೀರು ಬಂತು. ಬಿಸಿಲು ಮತ್ತು ಗಿಡಮರಗಳು ಸೇರಿ ಇಷ್ಟನ್ನು ಕೇಳಿದವು. ನೆಲ ಒಂದು ಕೊಡ. ಮಳೆ ಬಂದಾಗ ಮೊದಲು ಕೊಡ ತುಂಬುತ್ತದೆ, ತುಂಬಿದ ಮೇಲೆ ಉಕ್ಕಿ ಸಾಳ ನದಿಗೆ ಹೋಗುತ್ತದೆ. ಮಳೆ ನಿಂತ ಮೇಲೆ ಬಿಸಿಲು ಆ ಕೊಡದಿಂದ ಕುಡಿಯುತ್ತದೆ. ಕೊಡ ಬರಿದಾದ ದಿನದಿಂದ ಕೊರತೆ ಶುರು. ಹೆಚ್ಚುವರಿ ಎಷ್ಟು, ಕೊರತೆ ಎಷ್ಟು ಎಂಬುದನ್ನು ತೂಗಿ ನೋಡಿದರೆ ಊರು ಆರ್ದ್ರವೋ, ಶುಷ್ಕವೋ, ನಡುವಿನದೋ ತಿಳಿಯುತ್ತದೆ. ಎಲ್ಲವೂ ನಿಂತಿರುವುದು ಕೊಡದ ಗಾತ್ರದ ಮೇಲೆ, ಅಂದರೆ ಆ ಮಣ್ಣು ಎಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ ಎಂಬುದರ ಮೇಲೆ. ಆ ಅಂಕಿ ನನಗೆ ಬಾಯಿಪಾಠ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಎಷ್ಟೋ ಸಲ ಬರೆದ ಅಂಕಿ. ಬರೆದೆ, ಕೂಡಿಸಿದೆ, ಕಳೆದೆ. ಊರು ಅತ್ಯಾರ್ದ್ರ ಎಂದು ಬಂತು, ಬೇಸಿಗೆಯ ಕೊರತೆ ಅಲ್ಪ ಎಂದು ಬಂತು. ಕರಡನ್ನು ಕಳಿಸಿಕೊಟ್ಟು ಕೈ ತೊಳೆದುಕೊಂಡೆ.

ಕೆಲವು ದಿನಗಳ ನಂತರ ಕಾಲೇಜಿನ ಗೇಟಿನ ಹೊರಗೆ ಒಂದು ಟೆಂಪೋ ನನ್ನ ಪಕ್ಕದಲ್ಲೇ ಬ್ರೇಕು ಹಾಕಿತು. ಅದರ ಚಾಲಕ ವಿಜಾಪುರದ ಕಡೆಯವನು. ನಾವು ಫಾತೋರ್ಡಾಕ್ಕೆ ಮನೆ ಬದಲಿಸಿದಾಗ ಸಾಮಾನು ತಂದವನೂ ಅವನೇ. ಅಂದಿನಿಂದ ನನ್ನನ್ನು ಕಂಡರೆ ಏನಾದರೊಂದು ಚುಚ್ಚದೆ ಮುಂದೆ ಹೋಗುವವನಲ್ಲ. ನಮ್ಮ ಕಾಲೋನಿಯ ಹಿಂದಿನ ಗುಡ್ಡದ ಮೇಲೆ ಮುಸ್ಲಿಂ ಕುಟುಂಬಗಳ ಒಂದು ಸಾಲು ಮನೆಗಳಿವೆ: ಗೌಂಡಿಗಳು, ಹಮಾಲರು, ಬಾಯ್ನಾ ಕಡಲತೀರದ ಮನೆಗಳನ್ನು ಸರಕಾರ ನೆಲಸಮ ಮಾಡಿದ ಮೇಲೆ ಇತ್ತ ಬಂದ ಒಂದಿಬ್ಬರು. ಅವನ ಮನೆಯೂ ಅಲ್ಲೇ.

"ಸರ, ನಮ್ಮ ಗುಡ್ಡದ ನಳಾ ಬಂದ್ ಮಾಡಸಾಕತ್ತೀರಂತ?" ಎಂದ.

"ನಾನಾ?"

"ಹೌದ್ರಿ. ಆಫೀಸಿನವ್ರು ಬಂದು ಹೇಳಿ ಹೋದ್ರು. ಕಾಲೇಜಿನ ಸಾಹೇಬ್ರು ಲೆಕ್ಕಾ ಹಾಕ್ಯಾರ, ಈ ಊರಾಗ ನೀರು ಹೆಚ್ಚಾಗೈತಿ, ಇನ್ನ ಮ್ಯಾಲ ಬೀದಿ ನಳಾ ಬ್ಯಾಡ ಅಂದ್ರು. ನಮ್ಮ ಮನಿಯಾಕಿ ನಿಮಗೊಂದು ಕೊಡ ಕೊಟ್ಟು ಕಳಿಸೂನು ಅನ್ನಾಕತ್ತಾಳ. ಹೆಚ್ಚಾಗಿದ್ದು ಎಲ್ಲೈತಿ ತೋರಿಸಿದ್ರ ತುಂಬಿಕೊಂಡು ಬರ್ತಾಳಂತ."

ಗುಡ್ಡದ ಆ ಸಾಲಿಗೆ ಇರುವುದು ಅದೊಂದೇ ನಳ. ಮನೆ ಮನೆಗೆ ಪೈಪು ಇಲ್ಲ. ಬೆಳಗಿನ ಹೊತ್ತು ನೀರು ಬರುತ್ತದೆ, ಅಷ್ಟರಲ್ಲಿ ಎಲ್ಲರೂ ತುಂಬಿಕೊಳ್ಳಬೇಕು. ಅದು ಹೋದರೆ ಅವರು ಕೊಡ ಹೊತ್ತು ನಮ್ಮ ಕಾಲೋನಿಗೆ ಇಳಿಯಬೇಕು, ಇಲ್ಲವೇ ಟ್ಯಾಂಕರಿಗೆ ಕಾಯಬೇಕು. ಟ್ಯಾಂಕರ್ ಆ ಗುಡ್ಡ ಹತ್ತುವುದಿಲ್ಲ.

ಅಂದು ಸಂಜೆ ಆ ನಳವನ್ನು ನೋಡಲು ಹೋದೆ. ದಾರಿಗೆಂದು ಗುಡ್ಡ ಕಡಿದ ಜಾಗದಲ್ಲಿ ದಮ್ಮು ಹತ್ತಿ ನಿಂತೆ. ಪಕ್ಕದಲ್ಲಿ ಕಡಿದ ನೆಲ ಗೋಡೆಯಂತೆ ನಿಂತಿತ್ತು. ಕೆಂಪು ಜಂಬಿಟ್ಟಿಗೆ, ಮೈತುಂಬ ತೂತು. ಉಗುರಿನಿಂದ ಕೆರೆದರೆ ಪುಡಿ ಉದುರಿತು. ಇಂಥ ನೆಲದಲ್ಲಿ ನೀರು ನಿಲ್ಲುವುದೆಲ್ಲಿಂದ ಬಂತು ಎಂದುಕೊಂಡವನು ಅಲ್ಲೇ ಬೆಪ್ಪಾದೆ. ನನಗೆ ಬಾಯಿಪಾಠವಿದ್ದ ಅಂಕಿ ಎರೆಮಣ್ಣಿನದು. ಧಾರವಾಡದ ಆಚೆ, ನವಲಗುಂದದ ಹೊಲಗಳಲ್ಲಿ ಮೊಣಕಾಲುಮಟ್ಟ ಹುಗಿಯುವ, ಮಳೆಯನ್ನು ತಿಂಗಳುಗಟ್ಟಲೆ ಬಿಗಿಹಿಡಿದಿಡುವ ಕರಿ ಮಣ್ಣಿನದು. ಗೋವೆಯ ಬಿಸಿಲಿಗೆ, ಗೋವೆಯ ಮಳೆಗೆ ನಾನು ನಮ್ಮೂರಿನ ನೆಲ ಹಾಸಿದ್ದೆ. ಇಲ್ಲಿ ಇಷ್ಟು ವರ್ಷ ಕಳೆದಿದ್ದೇನೆ. ಪ್ರತಿದಿನ ಈ ಕೆಂಪು ಧೂಳು ತುಳಿದಿದ್ದೇನೆ. ಕಣ್ಣಿನ ಮುಂದಿನ ಮಣ್ಣು ಬಿಟ್ಟು ತಲೆಯೊಳಗಿನ ಮಣ್ಣನ್ನೇ ಬರೆದಿದ್ದೆ.

ಮನೆಗೆ ಬಂದು ಮತ್ತೆ ಲೆಕ್ಕ ಹಾಕಿದೆ. ಕೊಡ ಚಿಕ್ಕದಾಯಿತು. ಮಳೆಗಾಲದಲ್ಲಿ ಬೇಗ ತುಂಬಿ ಉಕ್ಕಿತು, ಮಳೆ ಹೋದ ಮೇಲೆ ಬೇಗ ಬರಿದಾಯಿತು. ಒಂದೇ ಊರು ಅರ್ಧ ವರ್ಷ ಮುಳುಗುತ್ತಿತ್ತು, ಉಳಿದ ಅರ್ಧದಲ್ಲಿ ಒಣಗುತ್ತಿತ್ತು. ವರ್ಷದ ಮೊತ್ತ ನೋಡಿದರೆ ವರ್ಗ ಆರ್ದ್ರವೇ. ಆದರೆ ಬೇಸಿಗೆಯ ಕೊರತೆ ದೊಡ್ಡದು ಎಂಬ ಮಾತನ್ನು ಅದರ ಪಕ್ಕದಲ್ಲೇ ಬರೆಯದೆ ವಿಧಿಯಿಲ್ಲ.

ತಿದ್ದಿದ್ದನ್ನು ಹಿಡಿದು ಇಂಜಿನಿಯರರ ಬಳಿ ಹೋದೆ. ಅವರು ಓದಿ ನಕ್ಕರು.

"ಮಣ್ಣು ತಿದ್ದಿದ್ದು ಒಳ್ಳೇದಾಯ್ತು ಮಾರಾಯ್ರೆ. ಆದ್ರೆ ನಳದ ನೀರು ಆ ಮಣ್ಣಿಂದ ಬರೋದಲ್ಲ ಅಲ್ವಾ? ದೂರದ ಅಣೆಕಟ್ಟಿಂದ ಪೈಪಿನಲ್ಲಿ ಬರ್ತದೆ. ಮನೆ ಮೀಟರುಗಳ ಲೆಕ್ಕ ಬಿಲ್ಲಿನವರ ಹತ್ರ ಉಂಟು, ನನ್ನ ಹತ್ರ ಇರೋದು ನಿಮ್ಮ ವಾರ್ಡಿನ ಒಂದೇ ದೊಡ್ಡ ಮೀಟರು. ಅದರಲ್ಲಿ ಹೋಗೋ ನೀರನ್ನ ತಲೆಗೆ ಹಂಚಿದ್ರೆ ಬೇಕಾದ್ದಕ್ಕಿಂತ ಜಾಸ್ತಿ ಉಂಟು. ಆದ್ರೂ ನಿಮ್ಮ ಕಾಲೋನಿಯವ್ರದ್ದು ಬೇಸಿಗೆಯಲ್ಲಿ ದಿನಾ ತಕರಾರು. ಹಾಗಾದ್ರೆ ಎಲ್ಲಿ ಹೋಗ್ತದೆ? ಮೀಟರಿಲ್ಲದ್ದು ಗುಡ್ಡದ ನಳ ಒಂದೇ."

"ಮೀಟರಿಲ್ಲ ಅಂದ್ರ ಅಲ್ಲೇ ಹೋಗ್ತದ ಅಂತ ಹೆಂಗ ಹೇಳ್ತೀರಿ?"

"ಮತ್ತೆಲ್ಲಿ? ನಿಮ್ಮ ಕಾಲೋನಿಯಲ್ಲಿ ಚೆಲ್ತಾರಾ?"

ಇಲ್ಲಿ ನಾನು ಎದೆಯುಬ್ಬಿಸಿ ಮಾತಾಡಿದೆ. ನಮ್ಮ ಕಾಲೋನಿಯವರು ಹೆಚ್ಚಿನವರು ಧಾರವಾಡ, ಬೆಳಗಾವಿಯವರು. ವಾರಕ್ಕೊಮ್ಮೆ ನಳ ಬರುವ ಓಣಿಗಳಲ್ಲಿ ಬೆಳೆದವರು. ನಮ್ಮ ತಾಯಿ ಮುಖ ತೊಳೆಯಲು ತಂಬಿಗೆಯಲ್ಲಿ ಅಳೆದು ನೀರು ಕೊಡುತ್ತಿದ್ದರು. ನೀರಿನ ಬೆಲೆ ಗೊತ್ತಿದ್ದವರು ಚೆಲ್ಲುವುದಿಲ್ಲ ಎಂದೆ. ಆ ತಂಬಿಗೆಯ ಕಂಠದ ತಗ್ಗು ಕೂಡ ನನಗೆ ನೆನಪಿತ್ತು. ಸಾಕ್ಷಿಯಾಗಿ ನಿಲ್ಲಿಸಬಹುದಾದಷ್ಟು ಸ್ಪಷ್ಟವಾಗಿ.

ಇಂಜಿನಿಯರರು ಒಂದು ತಿಂಗಳು ಟೈಮು ಕೊಟ್ಟರು. ನೀರು ಎಲ್ಲಿ ಹೋಗುತ್ತದೆ ಎಂದು ತೋರಿಸಿದರೆ ಗುಡ್ಡದ ನಳ ಉಳಿಯುತ್ತದೆ. ಇಲ್ಲದಿದ್ದರೆ ಇಲ್ಲ.

ಮೊದಲು ಪೈಪು ಒಡೆದಿರಬೇಕು ಎಂದು ಹೊರಟೆ. ಬೆಳಗಿನ ಹೊತ್ತು ಪೈಪಿನ ಜಾಡು ಹಿಡಿದು, ಹಸಿ ನೆಲ ಎಲ್ಲಿದೆ ಎಂದು ನೋಡುತ್ತ, ನಾಯಿಗಳಿಂದ ಬೊಗಳಿಸಿಕೊಳ್ಳುತ್ತ ತಿರುಗಿದೆ. ಒಂದು ಕಡೆಯೂ ಸೋರಿಕೆ ಇಲ್ಲ. ನಂತರ ಕಾಲೋನಿಯ ಮನೆಗಳಿಗೆ ಹೋಗಿ ಅಡುಗೆಗೆ ಎಷ್ಟು, ಸ್ನಾನಕ್ಕೆ ಎಷ್ಟು ಎಂದು ಕೇಳಿದೆ. ಎಲ್ಲರೂ ಹೇಳಿದ್ದನ್ನು ನಂಬಿದರೆ ಅವರ ಮನೆಯ ಮೀಟರಿನಲ್ಲಿ ಓಡಿದ್ದರ ಅರ್ಧವೂ ಆಗುತ್ತಿರಲಿಲ್ಲ. ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ಬೆಳಗಾವಿಯ ನೆರೆಮನೆಯವರು, "ಮೀಟರ್ ಕೆಟ್ಟಾವ ಬರ್ಕೊಳ್ರಿ," ಎಂದು ಒಳಗೆ ಹೋದರು. ಎಲ್ಲ ಮನೆಯ ಮೀಟರುಗಳೂ ಒಟ್ಟಿಗೆ ಕೆಡುವುದಾದರೆ ಇನ್ನು ಯಾವುದನ್ನು ನಂಬುವುದು?

ಒಂದು ದಿನ ರಜೆ ಇತ್ತು. ಹಿತ್ತಲ ಬಾಗಿಲಿನ ಬೆಳಕಿನಲ್ಲಿ ಗಡ್ಡ ಹೆರೆಯುತ್ತ ನಿಂತಿದ್ದೆ. ನಳ ಬಂದ ಸದ್ದಾಯಿತು. ನನ್ನ ಹೆಂಡತಿ ಬಂದು ಹಿತ್ತಲಿನ ಹಿತ್ತಾಳೆ ಹಂಡೆಯನ್ನು ಬಗ್ಗಿಸಿದಳು. ಮುಕ್ಕಾಲು ತುಂಬಿದ್ದ ಹಂಡೆ. ನೀರು ಕಲ್ಲಿನ ಮೇಲೆ ಹರಡಿ, ಮೋರಿಗೆ ಇಳಿದು ಹೋಯಿತು. ನಂತರ ಅಡುಗೆಮನೆಯ ಎರಡು ಕೊಡ. ನಂತರ ಬಚ್ಚಲ ಬ್ಯಾರೆಲ್ಲಿಗೆ ಕೈ ಹಾಕಿದಳು.

"ಏನ್ ಮಾಡಾಕತ್ತೀ?" ಎಂದೆ, ಅರ್ಧ ಕೆನ್ನೆಯ ಸೋಪಿನೊಂದಿಗೆ.

"ನೀರ ತುಂಬಾಕತ್ತೇನಿ. ಕಣ್ಣು ಕಾಣಂಗಿಲ್ಲೇನು?"

"ತುಂಬಾಕತ್ತೀಯೋ ಚೆಲ್ಲಾಕತ್ತೀಯೋ?"

"ನಿನ್ನಿ ನೀರು ಅದ. ಹೊಸಾ ನೀರು ಬಂತಲ್ಲ. ನಿನ್ನಿ ನೀರಿನ ಮ್ಯಾಲ ಹೊಸಾ ನೀರು ಹಾಕ್ತಾರೇನು? ದೇವರ ಮುಂದ ಇಡೂದು ಯಾವ್ದು?"

"ದಿನಾ ಹಿಂಗ ಚೆಲ್ತೀಯಾ?"

"ದಿನಾ ನೀರು ಬರ್ತದಲ್ರೀ, ದಿನಾ ತುಂಬಬೇಕಲ್ಲ. ಭಾರೀ ಪ್ರೊಫೆಸರ್ ಆಗೀರಿ, ಇಷ್ಟು ವರ್ಷ ಈ ಮನ್ಯಾಗ ಏನ್ ನೋಡೀರಿ ನೀವು?"

ವಾರಕ್ಕೊಮ್ಮೆ ನಳ ಬರುವ ಊರಿನಲ್ಲಿ ಹಂಡೆ, ಬ್ಯಾರೆಲ್, ಕೊಡ, ಬೋಗುಣಿ ಎಲ್ಲವನ್ನೂ ತುಂಬಿಡುವುದು ಬುದ್ಧಿವಂತಿಕೆ. ವಾರದ ಕೊನೆಗೆ ತಳದಲ್ಲಿ ಉಳಿದದ್ದನ್ನು ಚೆಲ್ಲಿ ಪಾತ್ರೆ ತಿಕ್ಕಿ ಹೊಸದು ತುಂಬುವುದೂ ಸರಿಯೇ. ಆದರೆ ನಾವು ದಿನಾ ನಳ ಬರುವ ಊರಿಗೆ ಬಂದೆವು. ಹಂಡೆಗಳನ್ನೂ ತಂದೆವು, ಆ ಪದ್ಧತಿಯನ್ನೂ ತಂದೆವು. ಆದ್ದರಿಂದ ಇಲ್ಲಿ ದಿನಾ ಮುಕ್ಕಾಲು ಹಂಡೆ ಹಳತಾಗುತ್ತದೆ. ಸೋಪು ಒರೆಸಿಕೊಂಡು ಹೊರಗೆ ಓಡಿದೆ. ಕಾಲೋನಿಯ ಗಟಾರ ಮಳೆಗಾಲದಂತೆ ಹರಿಯುತ್ತಿತ್ತು. ಏಪ್ರಿಲ್ ತಿಂಗಳಲ್ಲಿ! ಮನೆಮನೆಯ ಮೋರಿಯಿಂದಲೂ ಸ್ವಚ್ಛ ನೀರು, ಸೋಪಿನ ನೊರೆಯೂ ಇಲ್ಲದ್ದು.

ಧಾರವಾಡದಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ನಮ್ಮ ಮನೆಯಲ್ಲಿ ಹೀಗೆ ಚೆಲ್ಲುತ್ತಿರಲಿಲ್ಲ ಅಲ್ಲವೇ, ಅವ್ವ ತಂಬಿಗೆಯಲ್ಲಿ ಅಳೆದು ಕೊಡುತ್ತಿದ್ದಳಲ್ಲ ಎಂದೆ.

"ಅಳದು ಕೊಡ್ತಿದ್ಲು, ನಳಾ ಬರದ ದಿನಾ," ಎಂದಳು ಅಕ್ಕ. "ಬಂದ ದಿನಾ ಎಲ್ಲಾ ಚೆಲ್ಲೂದ. ನೀನ ಒಯ್ದು ಕರಿಬೇವಿನ ಗಿಡಕ್ಕ ಸುರೀತಿದ್ದಿ. ಆ ಗಿಡಾ ಕೊಳತದ್ದ ಅದಕ್ಕ."

"ಕರಿಬೇವಿನ ಗಿಡಾ ಎಲ್ಲಿತ್ತು ನಮ್ಮನ್ಯಾಗ? ಪೇರಲ ಗಿಡಾ ಇತ್ತು."

"ಪೇರಲ ಬಾಜೂ ಮನಿಯವ್ರದು. ನೀ ಕದ್ದು ತಿಂತಿದ್ದಿ, ಅದಕ್ಕ ನಿಂದ ಅಂತ ನೆನಪೈತಿ ನಿನಗ."

ಫೋನ್ ಇಟ್ಟೆ. ಕರಿಬೇವಿನ ಗಿಡ ನೆನಪಾಗಲಿಲ್ಲ, ಇಂದಿಗೂ ಆಗಿಲ್ಲ. ತಂಬಿಗೆ ಮಾತ್ರ ಥಳಥಳ ಹೊಳೆಯುತ್ತ ನಿಂತಿದೆ. ಏಳು ದಿನದಲ್ಲಿ ಆರು ದಿನದ ನೆನಪನ್ನು ಇಟ್ಟುಕೊಂಡು, ಏಳನೆಯ ದಿನವನ್ನು ನಾನು ಯಾವಾಗ ಕಳೆದುಕೊಂಡೆನೋ. ಅದರ ಮೇಲೆ ನಿಂತು ಕಚೇರಿಯಲ್ಲಿ ಭಾಷಣ ಬೇರೆ ಮಾಡಿ ಬಂದಿದ್ದೆ.

ಇಂಜಿನಿಯರರಿಗೆ ಹೇಳಿದೆ. ನೀರು ಎಲ್ಲಿ ಹೋಗುತ್ತದೆ ಎಂದು ಗೊತ್ತಾಯಿತು, ಇನ್ನು ಗುಡ್ಡದವರ ನಳ ಬಿಡಿ ಎಂದೆ. ಅವರು ಗಂಭೀರವಾದದ್ದು ಅಂದೇ ಮೊದಲು. "ಹಾಗಾದ್ರೆ ವಾರ್ಡಿಗೇ ನೀರು ಕಡಿಮೆ ಮಾಡ್ತೇನೆ," ಎಂದರು. ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ವಾರ್ಡಿನ ನೀರು ಮೊದಲು ಇಳಿಜಾರಿನ ನಮ್ಮ ಕಾಲೋನಿಗೆ ಬರುತ್ತದೆ. ನಮ್ಮ ಹಂಡೆಗಳು ತುಂಬಿದ ಮೇಲೆ ಒತ್ತಡ ಏರಿ ಗುಡ್ಡಕ್ಕೆ ಹತ್ತುತ್ತದೆ. ಕಡಿಮೆ ಮಾಡಿದರೆ ಇಲ್ಲಿ ಚೆಲ್ಲುವುದು ನಿಲ್ಲುವುದಿಲ್ಲ, ಅಲ್ಲಿ ನಳ ಒಣಗುತ್ತದೆ. ಕಾಲೋನಿಗೆ ಒಂದು ವಾಲ್ವು, ಗುಡ್ಡಕ್ಕೆ ಇನ್ನೊಂದು ಮಾಡಿ ಎಂದೆ. ಅದಕ್ಕೆ ಕಾಲೋನಿಯವರು ತಾವೇ ಹೆಚ್ಚು ಬಳಸುತ್ತೇವೆಂದು ಒಪ್ಪಬೇಕು, ಇಲ್ಲದಿದ್ದರೆ ನಾಳೆ ಇಂಜಿನಿಯರರ ಮೇಲೆಯೇ ಅರ್ಜಿ ಬರೆಯುತ್ತಾರೆ ಎಂದರು. ಅವರ ಹೆದರಿಕೆಯೂ ಸುಳ್ಳಲ್ಲ.

ದಾರಿಯಲ್ಲಿ ಟೆಂಪೋದವನು ಸಿಕ್ಕ. ಕಾಣಕೋಣದಿಂದ ತೆಂಗಿನಕಾಯಿ ಹೇರಿಕೊಂಡು ಬಂದಿದ್ದ. ಎಲ್ಲ ಹೇಳಿದೆ. ಅವನು ಸ್ಟಿಯರಿಂಗಿನ ಮೇಲೆ ಬಿದ್ದು ನಕ್ಕ.

"ಚೆಲ್ಲೂದು ನಮ್ಮಾಕಿಗೂ ಚಟಾ ಐತ್ರಿ ಸರ. ನಿನ್ನಿ ನೀರು ಬಾಯಾಗ ಹಾಕಂಗಿಲ್ಲ. ಖರೇ ಅಂದ್ರ ನಮಗ ಮುಂಜಾನಿತನಕ ಏನೂ ಉಳಿಯಂಗಿಲ್ಲ, ಅದಕ್ಕ ನಾವು ಭಾಳ ಶಾಣ್ಯಾರು ಕಾಣ್ತೀವಿ." ನಂತರ ನಗು ನಿಲ್ಲಿಸಿ, "ನಳಾ ಉಳಿಸ್ರಿ. ಉಳಿದಿದ್ದು ನಿಮ್ಮ ಪುಸ್ತಕದಾಗ ಏನ್ ಬೇಕಾದ್ರ ಬರಕೊಳ್ರಿ," ಎಂದ.

ಭಾನುವಾರ ಕಾಲೋನಿಯ ಸಭೆ. ಇಂಜಿನಿಯರರೂ ಬಂದು ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದರು. ನಾನು ಎದ್ದು ನಿಂತು, ಯಾರನ್ನೂ ದೂರದೆ, ಬೆಳಗಿನ ಗಟಾರದ ಬಗ್ಗೆ ಹೇಳಿದೆ. ಹೇಳಿ ಮುಗಿಯುವ ಮೊದಲೇ ಗದ್ದಲ.

"ನಮ್ಮನ್ಯಾಗ ಒಂದು ಹನಿ ಚೆಲ್ಲಂಗಿಲ್ರಿ," ಎಂದರು ಬ್ಯಾಂಕಿನವರು. "ನಾವು ನೀರಿಲ್ಲದ ಊರಿನ ಮಂದಿ. ನೀರಿನ ಬೆಲಿ ನಮಗ ಹೇಳ್ತೀರೇನು?" ಇದು ನಾನು ಕಚೇರಿಯಲ್ಲಿ ಆಡಿದ್ದ ಮಾತೇ. ಹೊರಗಿನಿಂದ ಕೇಳುವಾಗ ಎಷ್ಟು ಅಸಹ್ಯವಾಗಿತ್ತು! ಇನ್ನೊಬ್ಬರು, "ಗುಡ್ಡದ ಮಂದೀನ ನಳಾ ಬಿಟ್ಟು ಹೋಗ್ತಾರ, ಅದ ನೀರು ಇಳದು ನಮ್ಮ ಗಟಾರಕ್ಕ ಬರ್ತದ," ಎಂದರು. ಸಭೆ ಅದನ್ನು ಹಿಡಿದುಕೊಂಡಿತು. ಗುಡ್ಡದ ನೀರು ಇಳಿಯುವುದು ಇನ್ನೊಂದು ಮಗ್ಗುಲಿಗೆ ಎಂದೆ. ಇಳಿಜಾರಿನ ದಿಕ್ಕು ಹೇಳಿದೆ. ಯಾರಿಗೆ ಬೇಕಾಗಿತ್ತು ದಿಕ್ಕು? ಇಂಜಿನಿಯರರು ಗಡಿಯಾರ ನೋಡಿಕೊಂಡು, "ಹಾಗಾದ್ರೆ ಬೀದಿ ನಳವೇ ಕಾರಣ ಅಂತ ಎಲ್ಲರದ್ದೂ ಅಭಿಪ್ರಾಯ," ಎಂದು ಏಳಲು ಹೊರಟರು.

ಆಗ ಹಿಂದಿನ ಸಾಲಿನಿಂದ ನನ್ನ ಹೆಂಡತಿ ಮಾತಾಡಿದಳು.

"ನಾ ಚೆಲ್ತೀನಿ."

ಎಲ್ಲರೂ ತಿರುಗಿದರು.

"ದಿನಾ ಚೆಲ್ತೀನಿ. ಒಂದು ಹಂಡೆ, ಎರಡು ಕೊಡ, ಬ್ಯಾರೆಲ್ಲು. ಗುಡ್ಡದವರ ಹೆಸರು ಯಾಕ ಹೇಳ್ತೀರಿ? ನಿಮ್ಮ ಹಂಡೆ ಡಬ್ಬ ಹಾಕೂ ಸಪ್ಪಳಾ ನನಗ ದಿನಾ ಕೇಳ್ತದ ವೈನಿ," ಎಂದು ಬ್ಯಾಂಕಿನವರ ಹೆಂಡತಿಯತ್ತ ನೋಡಿದಳು. "ನಂದೂ ನಿಮಗ ಕೇಳ್ತದ. ಸುಮ್ನ ಯಾಕ?"

ಬ್ಯಾಂಕಿನವರ ಹೆಂಡತಿ ತಲೆ ತಗ್ಗಿಸಿ, "ನಮ್ಮತ್ತಿ ಕಲಿಸಿದ್ದು ಹಂಗ," ಎಂದರು. ಗಂಡ ಅವರನ್ನು ನೋಡಿದ ನೋಟವನ್ನು ನಾನು ಮರೆಯಬೇಕೆಂದಿದ್ದೇನೆ. ಇನ್ನೊಬ್ಬಾಕೆ ಒಪ್ಪಿದಳು, ಮತ್ತೊಬ್ಬಾಕೆಯೂ. ಗಂಡಸರು ಮಾತ್ರ ಒಬ್ಬರೂ ಒಪ್ಪಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ನನಗೆ ಗೊತ್ತಿರಲಿಲ್ಲವಲ್ಲ ಹಾಗೆ.

ವಾಲ್ವು ಎರಡಾದವು. ನಮಗೆ ದಿನ ಬಿಟ್ಟು ದಿನ ನೀರು, ಗುಡ್ಡದ ನಳಕ್ಕೆ ದಿನಾ. ಕಾಲೋನಿಯಲ್ಲಿ ಕೆಲವು ಕಾಲ ನಮ್ಮೊಂದಿಗೆ ಮಾತಿಲ್ಲ. ಬ್ಯಾಂಕಿನವರು ಎದುರಾದಾಗ, "ನಿಮ್ಮ ಮಿಸೆಸ್ ಭಾಳ ಸತ್ಯವಂತರು ಬಿಡ್ರಿ," ಎಂದು ಹಲ್ಲು ಕಚ್ಚಿ ಹೇಳಿ ಹೋಗುತ್ತಿದ್ದರು. ನಡುವಿನ ದಿನ ನೀರು ಬರುವುದಿಲ್ಲ ಎಂದು ಎಲ್ಲರೂ ಇನ್ನೊಂದೊಂದು ಬ್ಯಾರೆಲ್ ಕೊಂಡರು. ಚೆಲ್ಲುವುದು ಕಡಿಮೆಯಾಯಿತೇ ಎಂದು ಕೇಳಬೇಡಿ, ಆ ಲೆಕ್ಕ ನಾನು ಹಾಕಿಲ್ಲ. ವರದಿಯಲ್ಲಿ ಹವಾಮಾನಕ್ಕೆ ಒಂದು ಪದ ಬರೆಯಬೇಕಾದಲ್ಲಿ ಒಂದು ಪುಟ ಬರೆದೆ. ಮೇಲಿನವರು ಪುಟವನ್ನು ತೆಗೆದು 'ಆರ್ದ್ರ' ಎಂದು ಹಾಕಿಕೊಂಡರಂತೆ.

ಇಲ್ಲಿಯವರೆಗೆ ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ತಾನು ಹಾಗೆ ಎದ್ದು ಹೇಳಲೇ ಇಲ್ಲ, ಬ್ಯಾಂಕಿನವರ ಹೆಂಡತಿಯೇ ಮೊದಲು ಹೇಳಿದ್ದು ಎಂದಳು. ಬ್ಯಾಂಕಿನವರು ಈಗ ಹೇಳುವುದು, ಸಭೆಯಲ್ಲಿ ಎರಡು ವಾಲ್ವಿನ ಉಪಾಯ ಕೊಟ್ಟದ್ದೇ ತಾವು ಎಂದು. ಟೆಂಪೋದವನ ಪ್ರಕಾರ ನಳ ಉಳಿದದ್ದು ಅವನ ಹೆಂಡತಿ ಕಚೇರಿಗೆ ಹೋಗಿ ಜಗಳಾಡಿದ್ದರಿಂದ. ಅವಳು ಹೋದದ್ದೂ ಇರಬಹುದು. ಯಾರನ್ನು ನಂಬಲಿ? ಎರೆಮಣ್ಣನ್ನು ಗೋವೆಗೆ ಹೊತ್ತು ತಂದ ತಲೆ ನನ್ನದು.

ಆದ್ದರಿಂದ ಇಂದು ಬೆಳಿಗ್ಗೆ ಗುಡ್ಡ ಹತ್ತಿ ಹೋದೆ. ಕೊಡಗಳ ಸಾಲು ಇತ್ತು. ಸಾಲಿನಲ್ಲಿ ಯಾರು ಮೊದಲು ಎಂದು ಇಬ್ಬರು ಹೆಂಗಸರು ಬೈದಾಡುತ್ತಿದ್ದರು. ಟೆಂಪೋದವನು ಹಲ್ಲುಜ್ಜುತ್ತ, "ಏನ್ ಸರ, ಮತ್ತ ಲೆಕ್ಕಾ ಹಾಕಾಕ ಬಂದ್ರೇನು? ಹಾಕಬ್ಯಾಡ್ರಿ, ಕೈ ಮುಗೀತೀನಿ," ಎಂದ. ನಳದಲ್ಲಿ ಬೆರಳಿನಷ್ಟು ದಪ್ಪ ನೀರು ಬರುತ್ತಿತ್ತು. ಕೈ ಒಡ್ಡಿ ನೋಡಿದೆ. ಇದೊಂದನ್ನು ನಾನು ನೆನಪಿನಿಂದ ಹೇಳುತ್ತಿಲ್ಲ.